ಲಂಕೆಯ ಮಂಗನ ಗಣತಿ

2025ರ ಮಾರ್ಚ್ 15ರ ಶನಿವಾರ, ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ಶ್ರೀಲಂಕಾದ ರೈತರು ಹಿತ್ತಲಿಗೂ ತೋಟಕ್ಕೂ ಇಳಿದು ಕಣ್ಣಿಗೆ ಬಿದ್ದ ಮಂಗ, ನವಿಲು, ದೊಡ್ಡ ಅಳಿಲುಗಳನ್ನೆಲ್ಲ ಎಣಿಸಿ ಸರ್ಕಾರದ ಫಾರಂನಲ್ಲಿ ಬರೆದರು. ಎಂಟು ಗಂಟೆ ಐದು ನಿಮಿಷಕ್ಕೆ ಗಣತಿ ಮುಗಿಯಿತು. ನಮ್ಮಲ್ಲಿ 2021ರಲ್ಲಿ ಆಗಬೇಕಿದ್ದ ಮನುಷ್ಯರ ಗಣತಿಯೇ ಆಗಿನ್ನೂ ಶುರುವಾಗಿರಲಿಲ್ಲ. ಅವರ ದಕ್ಷತೆಗೆ ಕೈ ಮುಗಿಯಬೇಕು.

ಪಕ್ಕದ ತೋಟದ ಮಾವನಿಗೆ ಸುದ್ದಿ ಓದಿ ಹೇಳಿದೆ. ಕವಳ ಉಗಿದು ಬಂದು ಕೇಳಿದರು: "ಎಣಿಸ್ತಾ ಇರೋವಾಗ ಮಂಗ ಬೇಲಿ ಹಾರಿದ್ರೆ ಯಾರ ಲೆಕ್ಕಕ್ಕೆ ಮಾರಾಯಾ?"

ಮಾವನ ಅನುಭವ ದೊಡ್ಡದು. ನಮ್ಮಿಬ್ಬರ ತೋಟಕ್ಕೂ ಬರುವ ಹಿಂಡಿನಲ್ಲಿ ಒಂದು ಗಡವ ಇದೆ. ಗರ್ನಾಲು ಹೊಡೆದರೆ ಬಾಳೆಯಿಂದ ತೆಂಗಿಗೆ ಹಾರಿ ಕೂರುತ್ತದೆ, ಹೊಗೆ ಆರಿದ ಮೇಲೆ ಅರ್ಧ ಕಚ್ಚಿದ ಎಳನೀರನ್ನು ನಮ್ಮ ಹಂಚಿನ ಮೇಲೇ ಒಗೆಯುತ್ತದೆ. ಕಳೆದ ಮಳೆಗಾಲ ಅದು ಒಡೆದ ಹಂಚಿನಡಿ ಇಟ್ಟ ಪಾತ್ರೆ ಇನ್ನೂ ಅಟ್ಟದಲ್ಲೇ ಇದೆ. ಈ ಗಡವ ನನ್ನ ಲೆಕ್ಕಕ್ಕೋ ಮಾವನ ಲೆಕ್ಕಕ್ಕೋ ಎಂಬುದು ಇಪ್ಪತ್ತು ವರ್ಷದಿಂದ ಇತ್ಯರ್ಥವಾಗಿಲ್ಲ. ಐದು ನಿಮಿಷದಲ್ಲಿ ಆಗುವ ಕೆಲಸವೇ?

ಲಂಕೆಗೂ ಮಂಗಕ್ಕೂ ಹಳೇ ವ್ಯವಹಾರ, ಅದನ್ನು ಕಿಷ್ಕಿಂಧೆಯ ಕಡೆಯವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ 2025ರ ಫೆಬ್ರುವರಿ 9ರಂದು ಕೊಲಂಬೊದ ದಕ್ಷಿಣಕ್ಕೆ ಪಾಣದುರದ ಸಬ್‌ಸ್ಟೇಷನ್‌ಗೆ ಒಂದು ಮಂಗ ನುಗ್ಗಿ ಇಡೀ ದೇಶದ ಕರೆಂಟ್ ತೆಗೆಯಿತು. ಹೀಗೆಂದು ಹೇಳಿದ್ದು ಸ್ವತಃ ಇಂಧನ ಸಚಿವರು. ಹಿಂದಿನವನು ಬಾಲಕ್ಕೆ ಬಟ್ಟೆ ಸುತ್ತಿಸಿಕೊಂಡು, ಎಣ್ಣೆ ಹಚ್ಚಿಸಿಕೊಂಡು ಎಷ್ಟೆಲ್ಲ ಕಷ್ಟಪಟ್ಟಿದ್ದ. ಈಗಿನದಕ್ಕೆ ಒಂದು ಟ್ರಾನ್ಸ್‌ಫಾರ್ಮರ್ ಸಾಕಾಯಿತು. ಅದಕ್ಕೂ ಮೊದಲು, 2023ರ ಏಪ್ರಿಲ್‌ನಲ್ಲಿ, ಅಲ್ಲಿನ ಕೃಷಿ ಸಚಿವರು ಒಂದು ಲಕ್ಷ ಮಂಗಗಳನ್ನು ಚೀನಾದ ಮೃಗಾಲಯಗಳಿಗೆ ಕಳಿಸುವ ಯೋಚನೆ ಹೊರಹಾಕಿದ್ದರು. ಹಂಬನ್‌ತೋಟದ ಬಂದರು ಹೇಗೂ 99 ವರ್ಷಕ್ಕೆ ಚೀನಾದ ಕಂಪನಿಗೆ ಹೋಗಿತ್ತು, ಹತ್ತಿಸಿ ಕಳಿಸಲು ಅನುಕೂಲವೇ ಇತ್ತು. ಪ್ರಾಣಿಪ್ರಿಯರು ಕೋರ್ಟಿಗೆ ಹೋದರು, ಮಂಗ ಉಳಿಯಿತು.

ಆ ಬಂದರಿನ ಹತ್ತಿರವೇ ಮತ್ತಲ ವಿಮಾನ ನಿಲ್ದಾಣ. ಸಾಲ ತಂದು ಕಟ್ಟಿ 2013ರಲ್ಲಿ ಉದ್ಘಾಟಿಸಿದರು. ವಿಮಾನ ಬರಲಿಲ್ಲ, ಕಾಡಿನ ಪ್ರಾಣಿಗಳು ಬಂದವು. ಓಡಿಸಲು ನೂರಾರು ಸೈನಿಕರು ಪಟಾಕಿ ಹಿಡಿದು ಹೋದರು. ಕೆಲಕಾಲ ಅಲ್ಲಿ ಭತ್ತ ತುಂಬಿಟ್ಟಿದ್ದರು. ಒಟ್ಟಿನಲ್ಲಿ ಏನಾದರೂ ಇಳಿಯಿತಲ್ಲ.

ಇಂಥ ದೇಶವನ್ನು ವಿಶ್ವಬ್ಯಾಂಕ್ 'ಮಧ್ಯಮ ಆದಾಯದ ದೇಶ' ಎನ್ನುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎಪಿಎಲ್ ಕಾರ್ಡು. 1997ರಲ್ಲಿ ಲಂಕೆ ಬಡವರ ಪಟ್ಟಿ ದಾಟಿತು, ಕ್ರಮೇಣ ಅಗ್ಗದ ಬಡ್ಡಿಯ ಸಾಲ ಕಡಿಮೆಯಾಯಿತು. 2007ರಲ್ಲಿ ಮೊದಲ ಬಾರಿಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಾಂಡ್, ಅಂದರೆ ಸಾಲಪತ್ರ, ಬಿಟ್ಟು 50 ಕೋಟಿ ಡಾಲರ್ ಎತ್ತಿದರು, ರುಚಿ ಹತ್ತಿತು. 2019ರ ಜುಲೈನಲ್ಲಿ ಇನ್ನೂ ಬಡ್ತಿ: ತಲಾ ಆದಾಯ 4,060 ಡಾಲರ್, 'ಮೇಲ್ಮಧ್ಯಮ'. ಮರುವರ್ಷ 4,020ಕ್ಕೆ ಇಳಿಯಿತು, ಅಷ್ಟರಲ್ಲಿ ಗೆರೆಯೂ 4,046ಕ್ಕೆ ಏರಿತ್ತು. 26 ಡಾಲರ್ ಕಮ್ಮಿ ಬಿದ್ದು ಹಿಂಬಡ್ತಿ. ಆಗಿನ ಲೆಕ್ಕಕ್ಕೆ ನಮ್ಮ ಎರಡು ಸಾವಿರ ರೂಪಾಯಿ. ಗೃಹಲಕ್ಷ್ಮಿಯ ಒಂದೇ ಒಂದು ಕಂತು ಕೈಲಿದ್ದಿದ್ದರೆ ಮಾನ ಉಳಿಯುತ್ತಿತ್ತು.

ಆಮೇಲೆ ನಡೆದದ್ದು ನಮ್ಮ ತಾಲ್ಲೂಕು ಕಚೇರಿಯಲ್ಲಿ ದಿನವೂ ನಡೆಯುವುದೇ. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಕಟ್ಟಲಾಗದು ಎಂದು ಕೈಯೆತ್ತಿದರು. ಅಕ್ಟೋಬರ್‌ನಲ್ಲಿ ಅಲ್ಲಿನ ಸಂಪುಟ, ದಯವಿಟ್ಟು ನಮ್ಮನ್ನು ಬಡದೇಶವೆಂದು ಪರಿಗಣಿಸಿ ಎಂದು ಕೇಳಿಕೊಳ್ಳಲು ತೀರ್ಮಾನಿಸಿತು. ಡಿಸೆಂಬರ್‌ನಲ್ಲಿ ವಿಶ್ವಬ್ಯಾಂಕ್ ಅಗ್ಗದ ಸಾಲದ ಬಾಗಿಲು ತೆರೆಯಿತು. ಬಿಪಿಎಲ್ ಕಾರ್ಡಿಗೆ ಅರ್ಜಿ ಹಾಕಿ ಎರಡೇ ತಿಂಗಳಲ್ಲಿ ಮಂಜೂರು! ನಮ್ಮ ಫುಡ್ ಇನ್‌ಸ್ಪೆಕ್ಟರ್ ಆಗಿದ್ದರೆ ಮನೆಗೆ ಬಂದು ಬೈಕು, ಫ್ರಿಜ್ಜು, ಖಾಲಿ ವಿಮಾನ ನಿಲ್ದಾಣ ಎಲ್ಲ ನೋಡಿಕೊಂಡು ಹೋಗುತ್ತಿದ್ದ.

ಮೆಚ್ಚುವುದಕ್ಕೂ ಒಂದು ಮಿತಿ ಇದೆ. 2019ರ ಕೊನೆಗೆ ವ್ಯಾಟ್ ಅನ್ನು 15ರಿಂದ 8 ಪರ್ಸೆಂಟ್‌ಗೆ ಇಳಿಸಿದವರು ಗೆದ್ದ ಖುಷಿಯಲ್ಲಿದ್ದರು. 2021ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ರಾಸಾಯನಿಕ ಗೊಬ್ಬರ ನಿಲ್ಲಿಸಿ ಇಡೀ ದೇಶವನ್ನು ಸಾವಯವ ಮಾಡಲು ಹೊರಟರು. ಭತ್ತ ಹೋಯಿತು, ಚಹಾ ಹೋಯಿತು, ನವೆಂಬರ್‌ನಲ್ಲಿ ಮಾತು ವಾಪಸ್. 2022ರ ಮಾರ್ಚ್‌ನಲ್ಲಿ ಕಾಗದ ಇಲ್ಲವೆಂದು ಮಕ್ಕಳ ಪರೀಕ್ಷೆ ಮುಂದೂಡಿದರು. ಪೆಟ್ರೋಲ್, ಸೀಮೆಎಣ್ಣೆ ಕ್ಯೂನಲ್ಲಿ ನಿಂತ ಮುದುಕರು ನಿಂತಲ್ಲೇ ಸತ್ತರು. ಜುಲೈನಲ್ಲಿ ಅಧ್ಯಕ್ಷರು ವಾಯುಪಡೆಯ ವಿಮಾನ ಹತ್ತಿ ಮಾಲ್ಡೀವ್ಸ್‌ಗೆ ಹೋದರು. ಅವರಿಗೆ ಯಾವ ಕ್ಯೂವೂ ಇರಲಿಲ್ಲ. ಕ್ಯೂನಲ್ಲಿ ಬದುಕಿ ಉಳಿದವನು ಈಗ 18 ಪರ್ಸೆಂಟ್ ವ್ಯಾಟ್ ಕಟ್ಟುತ್ತಿದ್ದಾನೆ. ಸಾಲ ತಂದವನು ಯಾರು, ಖರ್ಚು ಮಾಡಿದವನು ಯಾರು, ತೀರಿಸುವವನು ಯಾರು? ಇದನ್ನು ಎಣಿಸಲು ಮಾತ್ರ ಯಾರೂ ಫಾರಂ ಹಂಚುವುದಿಲ್ಲ.

ಇನ್ನೊಂದು ತಮಾಷೆ. 2024ರ ಡಿಸೆಂಬರ್‌ನಲ್ಲಿ ಹಳೇ ಬಾಂಡ್‌ಗಳಿಗೆ ಬದಲಾಗಿ ಹೊಸ ಬಾಂಡ್ ಕೊಟ್ಟರಲ್ಲ, ಅದರಲ್ಲಿ ಕೆಲವಕ್ಕೆ ಒಂದು ಷರತ್ತಿದೆ. ಮುಂದಿನ ಕೆಲವು ವರ್ಷ ದೇಶದ ಆದಾಯ ಅಂದಾಜಿಗಿಂತ ಚೆನ್ನಾಗಿ ಬೆಳೆದರೆ ಸಾಲ ಕೊಟ್ಟವರಿಗೆ ಹೆಚ್ಚು ಸಲ್ಲಬೇಕು. ಈ ಷರತ್ತನ್ನು ಮಾವನಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು.

"ಅಂದ್ರೆ ಅಡಿಕೆ ಚೆನ್ನಾಗಿ ಬಂದ ವರ್ಷ ಸಾಹುಕಾರನಿಗೆ ಜಾಸ್ತಿ ಕೊಡಬೇಕು?"

"ಹೌದು ಮಾವ."

"ಹಾಗಿದ್ರೆ ಮಂಗನ್ನ ಯಾಕೆ ಓಡಿಸೋದು? ಒಂದಿಷ್ಟು ಅದೇ ತಿನ್ಲಿ ಬಿಡು" ಎಂದು ಮಾವ ಕೈಲಿದ್ದ ಗರ್ನಾಲನ್ನು ವಾಪಸ್ ಡಬ್ಬಿಗೆ ಹಾಕಿದರು. ಮೇಲೆ ತೆಂಗಿನ ಗರಿ ಅಲ್ಲಾಡಿತು. ನಾನು ಹಂಚಿನ ಕಡೆ ಓಡಿದೆ.