ಅಮ್ಮನಿಗೆ 16 ಗಂಟೆ ಅಂತ ಹೇಳಬೇಡಿ

ಇವತ್ತು ಬ್ಯಾಂಕಿನ ಕ್ಯೂನಲ್ಲಿ ನನ್ನ ಮುಂದಿದ್ದ ಹುಡುಗ ಫೋನಿನಲ್ಲಿ ಅವನ ತಾಯಿಗೆ ಹೇಳುತ್ತಿದ್ದ. "ಬೆಂಗಳೂರಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ 14,000 ಕಿಲೋಮೀಟರ್. 16 ಗಂಟೆ ಅಷ್ಟೇ ಅಮ್ಮ, ಒಂದು ನಿದ್ದೆ ತೆಗೆದರೆ ಬಂದೇಬಿಡ್ತು." ನನಗೆ ಮೈ ಉರಿದುಹೋಯಿತು. ಅವನ ಮೇಲಲ್ಲ. ಎರಡು ತಿಂಗಳ ಹಿಂದೆ ನಮ್ಮಮ್ಮನಿಗೆ ಇದೇ ಮಾತನ್ನು ನಾನೇ ಹೇಳಿದ್ದೆ.

ಆ 16 ಎಲ್ಲಿಂದ ಬರುತ್ತೆ? ಎರಡು ಏರ್‌ಪೋರ್ಟ್ ನಡುವಿನ ದೂರವನ್ನು ವಿಮಾನದ ವೇಗದಿಂದ, ಅಂದರೆ ಗಂಟೆಗೆ 900 ಕಿಲೋಮೀಟರಿನಿಂದ ಭಾಗಿಸಿದರೆ ಹೆಚ್ಚುಕಮ್ಮಿ ಅಷ್ಟು ಬರುತ್ತೆ. ಅಮ್ಮ ಹೊರಟಿದ್ದು ಏರ್‌ಪೋರ್ಟಿನಿಂದಲ್ಲ, ಹಾಸನದ ಮನೆಯಿಂದ. ರಾತ್ರಿ 8ಕ್ಕೆ. ಮಳೆಯಲ್ಲಿ ದೇವನಹಳ್ಳಿ ಸೇರಲು 5 ಗಂಟೆ. ಅಲ್ಲಿ 3 ಗಂಟೆ. ದುಬೈಗೆ 4. ದುಬೈಯಲ್ಲಿ ಕಾದಿದ್ದು 5. ಅಲ್ಲಿಂದ ಮತ್ತೆ 13,000 ಕಿಲೋಮೀಟರ್, 16 ಗಂಟೆ. ಇಳಿದ ಮೇಲೆ ಇಮಿಗ್ರೇಷನ್, ಲಗೇಜು, ತಮ್ಮನ ಕಾರು ಎಲ್ಲಾ ಸೇರಿ 3. ಕೂಡಿಸಿ ನೋಡಿ, 36 ಗಂಟೆ!

ನನ್ನ ಮಾತು ನಂಬಿ ಅಮ್ಮ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಎರಡೇ ಬಿಪಿ ಮಾತ್ರೆ ಇಟ್ಟುಕೊಂಡಿದ್ದರು. ರಾತ್ರಿಗೊಂದು, ಬೆಳಿಗ್ಗೆಗೊಂದು. ಉಳಿದದ್ದೆಲ್ಲ ಲಗೇಜಿಗೆ ಹಾಕಿದ ಸೂಟ್‌ಕೇಸಿನಲ್ಲಿ. ದುಬೈಯಲ್ಲೇ ಡಬ್ಬಿ ಖಾಲಿ. ಕೈಗಡಿಯಾರದಲ್ಲಿ ಹಾಸನದ ಟೈಮು, ಕಿಟಕಿಯಾಚೆ ಇನ್ನೂ ಬಿಸಿಲು. "ಯಾವ ರಾತ್ರಿ ಮಾತ್ರೆ ತಪ್ಪಿತು ಅಂತಾನೇ ತಿಳೀಲಿಲ್ಲ ಕಣೇ" ಅಂದರು ಆಮೇಲೆ. ಅವರು ತಲೆಸುತ್ತಿ ವೀಲ್‌ಚೇರಿನಲ್ಲಿ ಹೊರಗೆ ಬಂದ ಫೋಟೋ ತಮ್ಮ ಕಳಿಸಿದ್ದಾನೆ. ನನಗೆ ಇವತ್ತಿಗೂ ಅದನ್ನು ನೋಡೋಕಾಗಲ್ಲ.

ನೇರ ವಿಮಾನ ಹತ್ತಿಸಬೇಕಿತ್ತು ಅಂತ ನೀವು ಹೇಳಬಹುದು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಸೀದಾ ಬೆಂಗಳೂರಿಗೆ ಬಂದಿಳಿದಾಗ ನಾನೂ ಟಿವಿ ಮುಂದೆ ಕೂತು ಖುಷಿಪಟ್ಟಿದ್ದೆ. ಆದರೆ ಎಲ್ಲೂ ನಿಲ್ಲದ ಆ ಹಾರಾಟಕ್ಕೇ 17 ಗಂಟೆ ಹಿಡಿಯಿತು. ಅದೂ ಬರೀ ಆಕಾಶದಲ್ಲಿ ಕಳೆದದ್ದು. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಅದೂ ಒಂದು ದಿನ ದಾಟುತ್ತೆ, ಅಲ್ವಾ?

ಊರುಗಳ ನಡುವಿನ ನೇರ ದೂರ ಬದಲಾಗಲ್ಲ, ಹಾರುವ ಸಮಯ ಬದಲಾಗುತ್ತೆ. ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತೆ. ಬೆನ್ನಿಗಿದ್ದರೆ ಬೇಗ, ಎದುರಿದ್ದರೆ ತಡ. 2022ರಲ್ಲಿ ರಷ್ಯಾ ಅಮೆರಿಕದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರು ಸುತ್ತಿ ಬಳಸಿ ಹೋಗಬೇಕಾಯಿತು. ಭಾಗಾಕಾರದ ಲೆಕ್ಕದಲ್ಲಿ ಇದ್ಯಾವುದೂ ಇರಲ್ಲ.

ಲೆಕ್ಕ ತಪ್ಪಲ್ವಲ್ಲ ಅಂತ ನಮ್ಮ ಭಾವ ವಾದ ಮಾಡುತ್ತಾರೆ. ಇರಬಹುದು. ಎಪ್ಪತ್ತು ದಾಟಿದ, ಮೊದಲ ಸಲ ವಿಮಾನ ಹತ್ತುವ ಹೆಂಗಸಿಗೆ ಆ ಲೆಕ್ಕ ಕಟ್ಟಿಕೊಂಡು ಏನಾಗಬೇಕು?

ಆ ಹುಡುಗನ ಭುಜ ಮುಟ್ಟಿ ಕರೆದೆ. ಪರಿಚಯವಿಲ್ಲದವರ ವಿಷಯಕ್ಕೆ ಹೋಗುವವಳಲ್ಲ ನಾನು, ನಿಮಗೆ ಗೊತ್ತು. ಮೂರು ದಿನದ ಮಾತ್ರೆ ಕೈಚೀಲದಲ್ಲೇ ಇಟ್ಟುಕೊಳ್ಳೋಕೆ ಹೇಳಪ್ಪ, ಒಂದೂವರೆ ದಿನದ ಪ್ರಯಾಣ ಅಂತ ಹೇಳು ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಕ್ಯೂನಿಂದ ಪಕ್ಕಕ್ಕೆ ಬಂದು ಮತ್ತೆ ಅಮ್ಮನಿಗೆ ಫೋನ್ ಹಚ್ಚಿದ.