ಮುಟ್ಟಲಿಕ್ಕೆ ಇಲ್ಲ ಅಮ್ಮ

ಮಂಗಳೂರಿನಲ್ಲಿ ಬ್ರಿಟಿಷರ ಕಾಲದ ಒಂದು ಬಂಗ್ಲೆ ಇದೆ. ಈಗ ಅದು ಮ್ಯೂಸಿಯಂ. ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ನನ್ನನ್ನೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಾರು. ಕಳೆದ ಶನಿವಾರ ಪುತ್ತೂರಿನಿಂದ ಬಂದಿದ್ದ ದೊಡ್ಡಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಮಾಲ್ ಬೇಡ, ಬೀಚ್ ಬೇಡ. "ಎಲ್ಲಾದರೂ ನೆರಳಿರುವಲ್ಲಿಗೆ ಹೋಗುವ" ಅಂದಿದ್ದರು.

ಟಿಕೆಟಿಗೆ 20 ರೂಪಾಯಿ. ಮೊಬೈಲಿನಲ್ಲಿ ಫೋಟೋ ತೆಗೆದರೆ 200.

"ನಾನು ತೆಗೆಯುವುದಿಲ್ಲ" ಅಂದೆ.

"ಮೊಬೈಲ್ ಕಿಸೆಯಲ್ಲಿ ಉಂಟಲ್ಲ ಸರ್. ನೀವು ಒಳಗೆ ಹೋಗಿ ಎಂತ ಮಾಡ್ತೀರಿ ಅಂತ ನಮಗೆ ಹೇಗೆ ಗೊತ್ತಾಗುವುದು?"

ವಾದ ಮಾಡಲು ಬಾಯಿ ತೆರೆದವನು ತಲೆಯೆತ್ತಿ ಮಾಡು ನೋಡಿದೆ. ಅಲ್ಲಿಗೆ ವಾದ ಮರೆತುಹೋಯಿತು. ಹಂಚಿನ ಮಾಡು. ಅದರ ಮೇಲೆ ಕಬ್ಬಿಣದ ಚೌಕಟ್ಟು. ಅದರ ಮೇಲೆ ನೀಲಿ ತಗಡು ಶೀಟು.

"ಹಂಚು ಸೋರ್ತದೆ ಸರ್" ಅಂದ ವಾಚ್‌ಮ್ಯಾನ್.

ಇದು ಯಾವ ಊರು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದದ್ದು 1834ರಲ್ಲಿ. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಹೊಳೆ ಬದಿಯ ಜೇಡಿಮಣ್ಣು ನೋಡಿ ಹಂಚಿನ ಕಾರ್ಖಾನೆ ಶುರು ಮಾಡಿದ. ಆಮೇಲೆ ಊರಿಡೀ ಚಿಮಣಿ ಎದ್ದವು. ಸಿಲೋನು, ಬರ್ಮಾ, ಪೂರ್ವ ಆಫ್ರಿಕಾ ಅಂತ ನಮ್ಮ ಹಂಚು ಹಡಗು ಹತ್ತಿತು. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರಿದು. ಈ ಮಳೆ ತಡೆದ ಹಂಚು ಜಗತ್ತಿನಲ್ಲಿ ಎಲ್ಲಿ ಬೇಕಾದರೂ ನಿಂತೀತು, ಈ ಮ್ಯೂಸಿಯಂ ಒಂದರ ಮೇಲೆ ಬಿಟ್ಟು.

ಸೋರುವುದಕ್ಕೆ ಮದ್ದು ಏನು ಅಂತ ಪುತ್ತೂರಿನ ಯಾವ ಮಗುವೂ ಹೇಳೀತು. ಮಳೆಗಾಲಕ್ಕೆ ಮೊದಲು ಒಬ್ಬ ಮಾಡಿಗೆ ಹತ್ತಬೇಕು. ಒಡೆದ ಹಂಚು ತೆಗೆದು ಬೇರೆ ಇಡಬೇಕು. ಹಂಚು ಹೊರುವ ಮರದ ಪಕ್ಕಾಸು, ರೀಪು ಗೆದ್ದಲು ಹಿಡಿದಿದೆಯಾ ಅಂತ ತಟ್ಟಿ ನೋಡಬೇಕು. ಜಾರಿದ್ದನ್ನು ಕೂರಿಸಬೇಕು. ಇಬ್ಬರಿಗೆ ಎರಡು ದಿನದ ಕೆಲಸ, ಮಧ್ಯೆ ಎರಡು ಸಲ ಚಾ. ಆದರೆ ಅದಕ್ಕೆ ಟೆಂಡರ್ ಕರೆಯಲಿಕ್ಕಾಗುವುದಿಲ್ಲವಲ್ಲ! ಶೀಟಿಗಾದರೆ ಆಗುತ್ತದೆ. ಆ ಕೆಲಸದ ಹೆಸರನ್ನು ಗೇಟಿನ ಬೋರ್ಡಿನಲ್ಲಿ ಓದಿದೆ: 'ಪಾರಂಪರಿಕ ಕಟ್ಟಡದ ಸಂರಕ್ಷಣೆ.'

ಒಳಗೆ ಹೋದ ಕೂಡಲೇ ಗಾಜಿನ ಪೆಟ್ಟಿಗೆ. ಒಳಗೆ ಕೆಂಪು ವೆಲ್ವೆಟ್, ಮೇಲಿಂದ ಹಳದಿ ಲೈಟು. ನಡುವೆ ಮದುಮಗಳ ಹಾಗೆ ಒಂದು ಹಂಚು. ಚೀಟಿ ಹೀಗಿತ್ತು: 'ಮಂಗಳೂರು ಹಂಚು. ಹಿಂದಿನ ಕಾಲದಲ್ಲಿ ಇದನ್ನು ಮನೆಗಳ ಮಾಡಿಗೆ ಬಳಸುತ್ತಿದ್ದರು.' ಪೆಟ್ಟಿಗೆಯ ಪಕ್ಕದಲ್ಲಿ, ಮಾಡಿನಿಂದ ತೊಟ್ಟಿಕ್ಕುವ ನೀರಿಗೆ, ಒಂದು ಹಸಿರು ಪ್ಲಾಸ್ಟಿಕ್ ಬಾಲ್ದಿ. ಅದಕ್ಕೆ ಮಾತ್ರ ಚೀಟಿ ಇರಲಿಲ್ಲ.

ಮುಂದಿನ ಕೋಣೆಯಲ್ಲಿ ಒಂದು ಮಂಚ. ಥಾಮಸ್ ಮನ್ರೋ ಮಲಗಿದ್ದಂತೆ. 1799ರಲ್ಲಿ ಟಿಪ್ಪು ತೀರಿದ ಮೇಲೆ ಕೆನರಾಕ್ಕೆ ಮೊದಲ ಕಲೆಕ್ಟರಾಗಿ ಬಂದ ಮನುಷ್ಯ. ಊರು ಅವನಿಗೆ ಹಿಡಿಸಲೇ ಇಲ್ಲ. ಇಲ್ಲಿಂದ ಬಿಡಿಸಿ ಅಂತ ಮೇಲಿನವರಿಗೆ ಬರೆದೂ ಬರೆದೂ 1800ರಲ್ಲೇ ಹೊರಟುಹೋದ. ಅಷ್ಟು ಸಣ್ಣ ಅವಧಿಗೆ ಅವನ ಹೆಸರಿನಲ್ಲಿ ಇಷ್ಟು ದೊಡ್ಡ ಮಂಚ. ಬಗ್ಗಿ ನೋಡಿದೆ. ತಲೆ ಕಡೆಯ ಹಲಗೆಗೆ ಸನ್‌ಮೈಕಾ ಅಂಟಿಸಿದ್ದರು. ಮನ್ರೋ ಕಾಲಕ್ಕಿಂತ ತುಂಬಾ ಮುಂದಿದ್ದ ಅಂತ ಕೇಳಿದ್ದೆ, ಇಷ್ಟು ಮುಂದೆ ಅಂತ ಗೊತ್ತಿರಲಿಲ್ಲ.

ಅಡುಗೆಮನೆಗೆ ಬಂದಾಗ ದೊಡ್ಡಮ್ಮ ಗಕ್ಕನೆ ನಿಂತರು. ಹಗ್ಗದ ಆಚೆ ಒಂದು ಸೇಮಿಗೆ ಮಣೆ ಇತ್ತು, ಅಕ್ಕಿ ಶಾವಿಗೆ ಒತ್ತುವಂಥದ್ದು. ಚೀಟಿಯಲ್ಲಿ '18ನೇ ಶತಮಾನ, ಬಳಕೆ ತಿಳಿದಿಲ್ಲ' ಅಂತ ಬರೆದಿತ್ತು.

"ಮಗಾ, ಇದು ನಮ್ಮದು."

"ನಿಮ್ಮದರ ಹಾಗೆ ಉಂಟು ದೊಡ್ಡಮ್ಮ."

"ಹಾಗೆ ಅಲ್ಲ, ನಮ್ಮದೇ. ಆ ಕಾಲು ನೋಡು. ಗಿಡ್ಡ ಆಗಿತ್ತು ಅಂತ ನಿನ್ನ ದೊಡ್ಡಪ್ಪ ಬಿಸ್ಕತ್ತು ಡಬ್ಬಿ ಕತ್ತರಿಸಿ ತಗಡು ಹೊಡೆದದ್ದು."

ನೋಡಿದೆ. ತಗಡಿನ ಮೇಲೆ ಇನ್ನೂ ಅರ್ಧ ಗುಲಾಬಿ ಹೂವಿನ ಚಿತ್ರ ಇತ್ತು. ಮದುವೆಯಾದ ಮರುವರ್ಷ, 1978ರಲ್ಲಿ, ಹಿತ್ತಿಲ ಹಲಸಿನ ಮರದಿಂದ ಆಚಾರಿ ಮಾಡಿಕೊಟ್ಟ ಮಣೆಯಂತೆ. ಹಂಚಿನ ಮನೆ ಕೆಡವಿ ತಾರಸಿ ಕಟ್ಟಿಸಿದಾಗ ಗುಜರಿಯವನು ಹಂಡೆ, ಬಾಗಿಲು, ದಾರಂದ ಎಲ್ಲದರ ಜೊತೆ ಇದನ್ನೂ ಒಯ್ದಿದ್ದ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಾಳಾಗಲಿದ್ದ ಮನೆಗಳನ್ನು ತುಂಡು ತುಂಡಾಗಿ ಬಿಚ್ಚಿ ತಂದು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಇಲ್ಲಿ ಅಷ್ಟೆಲ್ಲ ತಾಪತ್ರಯ ಇಲ್ಲ. ಮನೆ ಹೋಗುತ್ತದೆ, ಕಂಬ ರೆಸಾರ್ಟಿಗೆ, ಮಣೆ ಮ್ಯೂಸಿಯಂಗೆ. ಖಾಲಿಯಾದ ಜಾಗದಲ್ಲಿ ಹದಿನಾಲ್ಕು ಮಾಳಿಗೆಯ ಫ್ಲ್ಯಾಟ್ ಏಳುತ್ತದೆ. ಅದರ ಹೆಸರು 'ಹೆರಿಟೇಜ್'.

ದೊಡ್ಡಮ್ಮ ಹಗ್ಗದ ಮೇಲಿಂದ ಬಗ್ಗಿ ಮಣೆಯ ಹಿಡಿ ಹಿಡಿದರು. ವಾಚ್‌ಮ್ಯಾನ್ ಓಡಿ ಬಂದ.

"ಅಮ್ಮ, ಮುಟ್ಟಲಿಕ್ಕೆ ಇಲ್ಲ. ಇನ್ನೂರು ವರ್ಷ ಹಳೇದು ಅದು."

"ನನ್ನನ್ನು ನೋಡಿದರೆ ಇನ್ನೂರು ವರ್ಷದವಳ ಹಾಗೆ ಕಾಣ್ತದಾ ನಿಂಗೆ?"

ಅವನು ಪಾಪ ಕಕ್ಕಾಬಿಕ್ಕಿ. ದೊಡ್ಡಮ್ಮ ಅವನನ್ನೇ ಕೂರಿಸಿ ಪಾಠ ಮಾಡಿದರು. ಅಕ್ಕಿ ಎಷ್ಟು ನುಣ್ಣಗಾಗಬೇಕು, ಬೆಂದ ಉಂಡೆಯನ್ನು ಬಿಸಿ ಇರುವಾಗಲೇ ಯಾಕೆ ಒತ್ತಬೇಕು, ಜೊತೆಗೆ ಕಾಯಿಹಾಲು ಬೆಲ್ಲ ಯಾಕೆ ಬೇಕೇಬೇಕು. ಅವನು ಪೆನ್ನು ತೆಗೆದು 'ಬಳಕೆ ತಿಳಿದಿಲ್ಲ' ಅನ್ನುವುದರ ಮೇಲೆ ಗೀಟು ಹಾಕಿದ. 18ನೇ ಶತಮಾನವನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕೆ ಮೇಲಿನವರ ಸಹಿ ಬೇಕಂತೆ.

ಹೊರಡುವಾಗ ಗೇಟಿನ ಹತ್ತಿರ ಮೆಲ್ಲಗೆ ಕೇಳಿದ: "ಅಮ್ಮ, ಮನೆಯಲ್ಲಿ ಕಡೆಯುವ ಕಲ್ಲು ಉಂಟಾ? ಹಳೇದು ಸಿಕ್ಕಿದರೆ ಹೇಳು ಅಂದಿದ್ದಾರೆ ಆಫೀಸಲ್ಲಿ."

"ಉಂಟು" ಅಂದರು ದೊಡ್ಡಮ್ಮ. "ಆದರೆ ನಾಳೆ ಬರಬೇಡ. ನಾಳೆ ಬಂಗುಡೆಗೆ ಮಸಾಲೆ ಕಡೆಯಲಿಕ್ಕುಂಟು."