ಸ್ವಲ್ಪ ಬಾಯಿ ದೊಡ್ಡದು ಮಾಡಿ

ಮಂಗಳೂರಿನವರಿಗೆ ವ್ಯಾಪಾರ ಕಲಿಸಬೇಕಾಗಿಲ್ಲ. ಮಾರ್ಕೆಟಿನಲ್ಲಿ ಬಂಗುಡೆಯ ಕಿವಿರು ಎತ್ತಿ ಕೆಂಪು ನೋಡಿ, ಹೊಟ್ಟೆ ಒತ್ತಿ ನೋಡಿ, ‘ಇದು ನಿನ್ನೆಯದ್ದಲ್ವಾ?’ ಅಂತ ಒಂದು ಮಾತು ಎಸೆದು, ಆಮೇಲೆ ರೇಟು ಕೇಳುವವರು ನಾವು. ಅಂಥವರೂ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದರೆ ಮುಗಿಯಿತು. ಡಾಕ್ಟರಿಗೆ ಕಿವಿರು ಇರುವುದಿಲ್ಲ. ಇದ್ದರೂ ಎತ್ತಿ ನೋಡುವ ಸ್ಥಿತಿಯಲ್ಲಿ ನಾವಿರುವುದಿಲ್ಲ. ಮಾತಾಡಬೇಕಾದ ಬಾಯಿಯೊಳಗೇ ಅವರ ಎರಡು ಕೈ, ಒಂದು ಕನ್ನಡಿ, ಜೊಲ್ಲು ಎಳೆಯುವ ಒಂದು ಪೈಪು. ‘ಸ್ವಲ್ಪ ಬಾಯಿ ದೊಡ್ಡದು ಮಾಡಿ... ಇದಕ್ಕೆ ರೂಟ್ ಕೆನಾಲ್ ಬೇಕಾಗ್ತದೆ, ಮಾಡುವ ಅಲ್ವಾ?’ ಅಂತ ಕೇಳುತ್ತಾರೆ. ನಾವು ‘ಆಂ’ ಅನ್ನುತ್ತೇವೆ. ಅದು ಒಪ್ಪಿಗೆಯೋ ನರಳಾಟವೋ ನಮಗೇ ಗೊತ್ತಿಲ್ಲ. ಸಿಸ್ಟರ್ ಬರೆದುಕೊಂಡಾಗಿರುತ್ತದೆ.

ಬೇರೆ ಕಾಯಿಲೆಗಳಿಗೆ ಒಂದು ಮರ್ಯಾದೆ ಉಂಟು. ಜ್ವರ ಬರುವ ಮೊದಲು ಮೈ ಕೈ ನೋಯುತ್ತದೆ, ಶೀತ ಬರುವ ಮೊದಲು ಸೀನು ಬರುತ್ತದೆ. ಹಲ್ಲು ಹಾಗಲ್ಲ. ಹೊರಗಿನ ಎನಾಮಲಿನಲ್ಲಿ ನರವೇ ಇಲ್ಲ. ಹುಳುಕು ಅಲ್ಲಿ ವರ್ಷಗಟ್ಟಲೆ ಕೂತು ಕೊರೆದರೂ ನಮಗೆ ಸುದ್ದಿ ಮುಟ್ಟುವುದಿಲ್ಲ. ಅದನ್ನು ದಾಟಿ ಒಳಪದರಕ್ಕೆ ಬಂದ ಮೇಲೆ ಐಸ್‌ಕ್ರೀಮ್ ತಿನ್ನುವಾಗ ಒಮ್ಮೆ ಜುಮ್ಮೆನ್ನುತ್ತದೆ. ನಾವು ಐಸ್‌ಕ್ರೀಮಿಗೆ ಬೈದು ಸುಮ್ಮನಾಗುತ್ತೇವೆ. ಇನ್ನೂ ಒಳಗೆ ಹೋಗಿ ನರಕ್ಕೆ ತಾಗುವುದು ಮಾತ್ರ ಸರಿಯಾಗಿ ಶನಿವಾರ ರಾತ್ರಿಯೇ. ಆಗ ಅಡುಗೆಮನೆಯಲ್ಲಿ ಲವಂಗ ಹುಡುಕುತ್ತೇವೆ. ಲವಂಗ ಕೆಲಸ ಮಾಡುತ್ತದೆ, ಸುಳ್ಳಲ್ಲ. ಅದರಲ್ಲಿರುವ ಯುಜಿನಾಲ್ ಅನ್ನುವ ಎಣ್ಣೆಗೆ ಮರಗಟ್ಟಿಸುವ ಗುಣ ಉಂಟು. ಡಾಕ್ಟರುಗಳೂ ತಾತ್ಕಾಲಿಕ ಫಿಲ್ಲಿಂಗಿನಲ್ಲಿ ಅದನ್ನೇ ಕಲಸುತ್ತಾರೆ. ಹಾಗಾಗಿಯೇ ಕ್ಲಿನಿಕ್ಕಿನ ಬಾಗಿಲು ತೆರೆದ ಕೂಡಲೇ ಆ ವಾಸನೆ. ಆದರೆ ಲವಂಗಕ್ಕೆ ನೋವು ಮಾತ್ರ ಗೊತ್ತು, ತೂತು ಗೊತ್ತಿಲ್ಲ.

ಹೀಗೆ ಹಲ್ಲು ಗುಟ್ಟು ಬಿಟ್ಟುಕೊಡುವ ಹೊತ್ತಿಗೆ ಖರ್ಚು ದೊಡ್ಡದಾಗಿರುತ್ತದೆ. ಅದೂ ಕಂತಿನಲ್ಲಿ ಹೊರಗೆ ಬರುವ ಖರ್ಚು. ಕೆಟ್ಟ ನರ ತೆಗೆದು ಹಲ್ಲಿನ ಬೇರು ತುಂಬಿಸುವ ರೂಟ್ ಕೆನಾಲಿಗೆ ಇಷ್ಟು ಅಂತ ಕೇಳಿ ಮನಸ್ಸು ಗಟ್ಟಿ ಮಾಡಿಕೊಂಡು ಹೋಗುತ್ತೇವೆ. ಕೆಲಸ ಅರ್ಧ ಆದ ಮೇಲೆ ಆ ಹಲ್ಲಿನ ಮೇಲೆ ಕೂರಿಸುವ ಕ್ಯಾಪಿನ ಮಾತು ಬರುತ್ತದೆ. ಕ್ಯಾಪ್ ಬೇರೆಯಾ? ಬೇರೆ. ಲೋಹದ್ದು ಬೇಕಾ, ಲೋಹದ ಮೇಲೆ ಸೆರಾಮಿಕ್ ಹಾಕಿದ್ದಾ, ಜಿರ್ಕೋನಿಯಾ ಬೇಕಾ? ಜಿರ್ಕೋನಿಯಾಕ್ಕೆ ವಾರಂಟಿ ಕಾರ್ಡು ಸಹ ಕೊಡುತ್ತಾರೆ. ಹದಿನೈದು ವರ್ಷದ್ದೂ ಸಿಗುತ್ತದೆ. ಅದರ ಅಡಿಯಲ್ಲಿರುವ ನನ್ನ ಹಲ್ಲಿಗೆ ಯಾರೂ ವಾರಂಟಿ ಕೊಡುವುದಿಲ್ಲ, ಅದು ಬೇರೆ ವಿಷಯ.

ನಾನು ಹೋದದ್ದು ಬರೀ ಕ್ಲೀನಿಂಗಿಗೆ. ಹೊಸ ಕ್ಲಿನಿಕ್ಕು, ಒಳ್ಳೆಯ ಎಸಿ, ಗೋಡೆಯಲ್ಲಿ ಬೆಳ್ಳಗೆ ನಗುವ ಹುಡುಗಿಯ ಫೋಟೋ. ಹದಿನೈದು ನಿಮಿಷದಲ್ಲಿ ನನ್ನ ಬಾಯಲ್ಲಿ ಕೆಟ್ಟ ಹಲ್ಲು ನಾಲ್ಕು ಅಂತ ಆಯ್ತು. ಒಂದೊಂದಕ್ಕೆ ರೂಟ್ ಕೆನಾಲ್ 5,000, ಕ್ಯಾಪ್ 7,000. ಒಟ್ಟು 48,000. ಕೌಂಟರಿನಲ್ಲಿದ್ದ ಹುಡುಗಿ ಬಹಳ ಪ್ರೀತಿಯಿಂದ, ‘ಇಎಂಐ ಉಂಟು ಮೇಡಂ, ಈ ತಿಂಗಳೇ ಶುರು ಮಾಡಿದರೆ ಕ್ಲೀನಿಂಗ್ ಫ್ರೀ’ ಅಂದಳು. ಮನೆಗೆ ಬಂದು ಹೇಳಿದರೆ ಇವರು ಪೇಪರಿನಿಂದ ತಲೆ ಎತ್ತದೆ, ‘ನಾಲ್ಕೂ ತೆಗೆಸಿಬಿಡು. ಅಮ್ಮನ ಸೆಟ್ಟು ಕಪಾಟಿನಲ್ಲಿ ಉಂಟಲ್ಲ’ ಅಂದರು.

ಇನ್ಶೂರೆನ್ಸ್ ನೆನಪಾಯಿತು. ವರ್ಷ ವರ್ಷ ಕಟ್ಟುತ್ತೇವೆ, ಇಂಥ ಹೊತ್ತಿಗೆ ಅಲ್ದೆ ಮತ್ತೆ ಯಾವಾಗ? ಏಜೆಂಟರಿಗೆ ಫೋನ್ ಮಾಡಿದೆ. ‘ಸಾಮಾನ್ಯ ಪಾಲಿಸಿಯಲ್ಲಿ ಹಲ್ಲಿಗೆ ಇಲ್ಲ ಅಕ್ಕಾ. ಆಕ್ಸಿಡೆಂಟಿನಲ್ಲಿ ಮುರಿದರೆ ಮಾತ್ರ’ ಅಂದರು. ‘ಕೋರಿ ರೊಟ್ಟಿ ತಿಂದು ಮುರಿದರೆ?’ ಅಂತ ಕೇಳಿದೆ. ರೊಟ್ಟಿಗೆ ಸಾರು ಬೀಳುವ ಮೊದಲು ಕಚ್ಚಿ ನೋಡಿದವರಿಗೆ ಗೊತ್ತು, ಅದು ಆಕ್ಸಿಡೆಂಟಿಗಿಂತ ಕಡಿಮೆಯೇನಲ್ಲ. ಅವರು ನಕ್ಕು ಫೋನ್ ಇಟ್ಟರು.

ಇನ್ನು ಒಳ್ಳೆಯ ಡಾಕ್ಟರು ಯಾರು ಅಂತ ಹುಡುಕಬೇಕು. ಇದು ಬೇರೆ ಊರಲ್ಲಿ ಕಷ್ಟ ಇರಬಹುದು, ನಮ್ಮಲ್ಲಿ ಸುಲಭ ಅಂತ ಅನಿಸುತ್ತದೆ. ಮಣಿಪಾಲದಲ್ಲಿ ಡೆಂಟಲ್ ಕಾಲೇಜು ಶುರುವಾದದ್ದು 1965ರಲ್ಲಿ. 1985ರಲ್ಲಿ ಮಂಗಳೂರಿನ ಹೊರಗಿನ ದೇರಳಕಟ್ಟೆಗೆ ಒಂದು ಬಂತು, 1987ರಲ್ಲಿ ಮಂಗಳೂರಿಗೇ ಒಂದು ಬಂತು, ಲೈಟ್ ಹೌಸ್ ಹಿಲ್ ರೋಡಿಗೆ. ಆಮೇಲೆ ದೇರಳಕಟ್ಟೆಯಲ್ಲೇ ಇನ್ನೊಂದು, ಕುಂಟಿಕಾನದಲ್ಲೊಂದು, ಮುಕ್ಕದಲ್ಲೊಂದು. ಇಷ್ಟು ಕಾಲೇಜು ಇದ್ದ ಮೇಲೆ ಕಲಿತವರೂ ಇರಬೇಕಲ್ಲ. ಹಂಪನಕಟ್ಟೆಯಿಂದ ಬಲ್ಮಠದವರೆಗೆ ನಡೆಯಿರಿ, ತಲೆ ಎತ್ತಿದಲ್ಲೆಲ್ಲ ಹಲ್ಲಿನ ಚಿತ್ರದ ಬೋರ್ಡು. ಪ್ರತಿ ಮನೆತನದಲ್ಲೂ ಒಬ್ಬ ಡೆಂಟಿಸ್ಟ್ ಗ್ಯಾರಂಟಿ. ಇಲ್ಲದಿದ್ದರೆ ಸೊಸೆಯಾಗಿಯಾದರೂ ಬಂದಿರುತ್ತಾಳೆ.

ಅಲ್ಲೇ ಇರುವುದು ತೊಂದರೆ. ಸಂಬಂಧಿಕ ಡಾಕ್ಟರು ದುಡ್ಡು ತೆಗೆದುಕೊಳ್ಳುವುದಿಲ್ಲ. ‘ಎಂತ ಆಂಟಿ, ನಿಮ್ಮಿಂದ ದುಡ್ಡಾ?’ ಅನ್ನುತ್ತಾರೆ. ಆಮೇಲೆ ನಾವು ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ಹೋಗಬೇಕು, ಮಗುವಿನ ಹುಟ್ಟುಹಬ್ಬಕ್ಕೆ ಚಿನ್ನದ ಬಳೆ ಕೊಡಬೇಕು. ಲೆಕ್ಕ ಹಾಕಿದರೆ ಜಿರ್ಕೋನಿಯಾವೇ ಸಸ್ತಾ. ‘ಇದು ಬೇಕೇ ಬೇಕಾ?’ ಅಂತ ಬಾಯಿಬಿಟ್ಟು ಕೇಳುವ ಹಾಗೂ ಇಲ್ಲ, ಅವಳಿಗೆ ಬೇಜಾರಾಗುತ್ತದೆ. ಮುಂದಿನ ಗೃಹಪ್ರವೇಶದಲ್ಲಿ ಊಟದ ಪಂಕ್ತಿಯಲ್ಲಿ ಕೂತಾಗ, ಎದುರು ಸಾಲಿನಿಂದ ಅವಳ ಅತ್ತೆ ಕೇಳುತ್ತಾರೆ: ‘ನಿಮ್ಮ ಒಸಡಿನ ರಕ್ತ ನಿಂತಿತಾ?’

ಹಾಗಾಗಿ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ದೇರಳಕಟ್ಟೆ ಬಸ್ಸು ಹತ್ತಿದೆ. ಕಾಲೇಜಿಗೆ ಹೋಗುವುದೆಂದರೆ ನಮ್ಮಲ್ಲಿ ಎಷ್ಟೋ ಜನ ಮೂಗು ಮುರಿಯುತ್ತಾರೆ. ಕಲಿಯುವ ಮಕ್ಕಳ ಕೈಗೆ ಬಾಯಿ ಕೊಡುವುದಾ ಅಂತ. ಖರ್ಚು ಕಡಿಮೆ ಅನ್ನುವುದು ಎಲ್ಲರಿಗೂ ಗೊತ್ತು, ಹೊತ್ತು ಹೋಗುತ್ತದೆ ಅನ್ನುವುದೂ ಗೊತ್ತು. ಓಪಿ ಚೀಟಿ, ಒಂದು ವಿಭಾಗದಲ್ಲಿ ಪರೀಕ್ಷೆ, ಇನ್ನೊಂದರಲ್ಲಿ ಎಕ್ಸ್‌ರೇ, ಮಹಡಿ ಹತ್ತಿ ಮತ್ತೊಂದರಲ್ಲಿ ಚಿಕಿತ್ಸೆ. ಅಲ್ಲಿ ಸಿಗುವ ಇನ್ನೊಂದು ಲಾಭವನ್ನು ಮಾತ್ರ ಯಾರೂ ನನಗೆ ಹೇಳಿರಲಿಲ್ಲ. ಅಲ್ಲಿ ನಮ್ಮ ಹಲ್ಲಿನ ಬಗ್ಗೆ ಇಬ್ಬರು ಡಾಕ್ಟರುಗಳು ನಮ್ಮ ಮುಖದ ಮೇಲೆಯೇ ವಾದ ಮಾಡುತ್ತಾರೆ. ಮಲಗಿಕೊಂಡು ಕೇಳಿದರೆ ಆಯ್ತು.

ನನಗೆ ಸಿಕ್ಕಿದವಳು ಕೇರಳದ ಕಡೆಯ ಹುಡುಗಿ. ‘ನೋವು ಉಂಟಾ ಆಂಟಿ?’ ಅಂತ ಮಾತು ಮಾತಿಗೂ ಕೇಳುತ್ತಿದ್ದಳು. ನಾಲ್ಕು ಹಲ್ಲನ್ನೂ ನೋಡಿ, ಬರೆದುಕೊಂಡು, ಸರ್ ಅನ್ನು ಕರೆತಂದಳು. ಸರ್ ಬಂದವರೇ ನನ್ನ ಬಾಯಿ ನೋಡಲಿಲ್ಲ, ಅವಳ ಮುಖ ನೋಡಿದರು. ‘ಈ ಹಲ್ಲಿಗೆ ರೂಟ್ ಕೆನಾಲ್ ಯಾಕೆ?’ ಅವಳು ಎಂತದೋ ಹೇಳಿದಳು. ‘ಕೋಲ್ಡ್ ಟೆಸ್ಟ್ ಮಾಡಿದೆಯಾ?’ ಮಾಡಿರಲಿಲ್ಲ. ನನಗೆ ಒಳಗೊಳಗೇ ಖುಷಿ. 48,000ದ ಕ್ಲಿನಿಕ್ಕಿನಲ್ಲೂ ಅದನ್ನು ಮಾಡಿರಲಿಲ್ಲ.

ಅದೊಂದು ಸಣ್ಣ ಕೆಲಸ. ಹತ್ತಿಯ ಪುಟ್ಟ ಉಂಡೆಗೆ ತಣ್ಣಗಿನ ಸ್ಪ್ರೇ ಹೊಡೆದು ಹಲ್ಲಿಗೆ ಮುಟ್ಟಿಸುತ್ತಾರೆ. ಮೊದಲು ಒಳ್ಳೆಯ ಹಲ್ಲಿಗೆ, ಆಮೇಲೆ ಸಂಶಯದ ಹಲ್ಲಿಗೆ. ಜುಮ್ಮೆಂದ ಕೂಡಲೇ ಕೈ ಎತ್ತಬೇಕು, ಹೋದ ಕೂಡಲೇ ಇಳಿಸಬೇಕು. ಜುಮ್ಮೆನ್ನುವುದು ದೊಡ್ಡ ವಿಷಯವಲ್ಲ, ಜೀವ ಇರುವ ಹಲ್ಲಿಗೆಲ್ಲ ಜುಮ್ಮೆನ್ನುತ್ತದೆ. ಹತ್ತಿ ತೆಗೆದ ಮೇಲೆ ನೋವು ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಮುಖ್ಯ. ಥಟ್ಟನೆ ಹೋದರೆ ಒಳಗಿನ ನರ ಇನ್ನೂ ಸುಧಾರಿಸಿಕೊಳ್ಳುವ ಆಸೆ ಉಂಟು. ಒಂದೇ ಸವನೆ ಎಳೆಯುತ್ತಾ ಇದ್ದರೆ ಆಸೆ ಕಡಿಮೆ. ಏನೂ ಗೊತ್ತಾಗದಿದ್ದರೆ ನರ ಸತ್ತಿರುವ ಸಾಧ್ಯತೆ ಜಾಸ್ತಿ. ಆಮೇಲೆ ಕನ್ನಡಿಯ ಹಿಡಿಯಿಂದ ಒಂದೊಂದು ಹಲ್ಲಿಗೆ ಟಕ್ ಟಕ್ ಅಂತ ಕುಟ್ಟಿದರು. ಬಲಗಡೆ ಕೆಳಗಿನ ದವಡೆ ಹಲ್ಲಿಗೆ ಕುಟ್ಟಿದಾಗ ನಾನು ಕುರ್ಚಿಯಿಂದ ಅರ್ಧ ಎದ್ದೆ. ‘ಇದು ಒಂದು’ ಅಂದರು ಸರ್.

ಕೊನೆಗೆ ತೀರ್ಮಾನವಾದದ್ದು ಹೀಗೆ. ಆ ದವಡೆ ಹಲ್ಲಿಗೆ ರೂಟ್ ಕೆನಾಲ್, ಕ್ಯಾಪ್ ಬೇಕೇ ಬೇಕು. ಎರಡಕ್ಕೆ ಫಿಲ್ಲಿಂಗ್ ಸಾಕು. ಅದರಲ್ಲಿ ಒಂದು ಆಳ ಉಂಟು, ಮುಂದೆ ನೋವು ಬಂದರೂ ಬರಬಹುದು ಅಂತ ಮೊದಲೇ ಹೇಳಿದರು. ನಾಲ್ಕನೆಯದ್ದು ಬರೀ ಕಲೆ, ಮುಟ್ಟುವುದು ಬೇಡ.

ಹಾಗಂತ ಮೊದಲಿನ ಕ್ಲಿನಿಕ್ಕಿನವರು ಕಳ್ಳರು ಅಂತ ನಾನು ಹೇಳುವುದಿಲ್ಲ. ಆಳದ ಹುಳುಕಿನ ವಿಷಯದಲ್ಲಿ ಪ್ರಾಮಾಣಿಕ ಡಾಕ್ಟರುಗಳಿಗೂ ಒಬ್ಬರಿಗೊಬ್ಬರಿಗೆ ಅಭಿಪ್ರಾಯ ಬೇರೆ ಬರುತ್ತದೆ. ಫಿಲ್ಲಿಂಗ್ ಮಾಡಿದ ಹಲ್ಲು ನಾಳೆ ನೋಯಲು ಶುರುವಾದರೆ ಬೈಗುಳ ತಿನ್ನುವವರೂ ಅವರೇ ಅಲ್ವಾ? ಆದರೆ ಕಲೆಗೆ ರೂಟ್ ಕೆನಾಲ್ ಬರೆದದ್ದನ್ನು ನಾನು ಯಾವ ಅಭಿಪ್ರಾಯದ ಲೆಕ್ಕದಲ್ಲಿ ಇಡಲಿ? ಅದೂ ಇಎಂಐ ಸಮೇತ.

ಚಿಕಿತ್ಸೆಯ ದಿನ ಇನ್ನೊಂದು ವಿಷಯ ಕಂಡೆ. ಆ ಹುಡುಗಿ ಹಲ್ಲಿನ ಬೇರಿನೊಳಗೆ ಇಳಿಸುವ ಸೂಜಿಗಳನ್ನು ಬಣ್ಣ ಬಣ್ಣದ ಹಿಡಿ ಕಾಣುವ ಹಾಗೆ ಸಾಲಾಗಿ ಚುಚ್ಚಿಟ್ಟಿದ್ದಳು. ಫೈಲ್ ಅನ್ನುತ್ತಾರೆ. ಹತ್ತನೇ ನಂಬರಿನದ್ದರ ತುದಿಯ ದಪ್ಪ 0.10 ಮಿಲಿಮೀಟರ್, ಹದಿನೈದರದ್ದು 0.15. ದವಡೆ ಹಲ್ಲಿನಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಕಾಲುವೆ. ಅಷ್ಟನ್ನೂ ಬಾಯಿಯ ತೀರಾ ಹಿಂದೆ, ಕನ್ನಡಿಯಲ್ಲಿ ನೋಡಿಕೊಂಡು, ತುದಿ ಮುಟ್ಟುವವರೆಗೆ ಉಜ್ಜಿ ತೊಳೆದು, ಗಟ್ಟಾಪರ್ಚ ಅನ್ನುವ ಗುಲಾಬಿ ಬಣ್ಣದ ರಬ್ಬರಿನಂಥ ವಸ್ತು ತುಂಬಿಸಬೇಕು. ಒಳಗೆ ಇಷ್ಟು ಕೊರೆದ ದವಡೆ ಹಲ್ಲು ಜಗಿಯುವ ಭಾರಕ್ಕೆ ಸೀಳಿಹೋಗಬಹುದು, ಅದಕ್ಕೇ ಕ್ಯಾಪ್. ಒಂದೊಂದು ಹಂತಕ್ಕೂ ಸರ್ ಬಂದು ನೋಡಿ ಸಹಿ ಹಾಕಬೇಕು. ಅವರು ಬರುವವರೆಗೆ ನಾನು ಬಾಯಿ ತೆರೆದುಕೊಂಡು ಫ್ಯಾನ್ ನೋಡುತ್ತಾ ಮಲಗಿದ್ದೆ. ಈ ಕೆಲಸಕ್ಕೆ ದುಡ್ಡು ಕೊಡುವುದಕ್ಕೆ ನನ್ನದು ತಕರಾರಿಲ್ಲ. ಎಷ್ಟು ಅಂತ ಬಾಯಿ ಮುಚ್ಚಿಕೊಂಡಿರುವಾಗಲೇ ಹೇಳಬೇಕು, ಅಷ್ಟೇ.

ಪ್ರತಿ ಸಲ ದೇರಳಕಟ್ಟೆಗೆ ಹೋಗಲು ಆಗುವುದಿಲ್ಲ. ತೊಕ್ಕೊಟ್ಟಿನ ಟ್ರಾಫಿಕ್ಕು ಗೊತ್ತುಂಟಲ್ಲ. ಮನೆ ಹತ್ತಿರ ಈಗ ಒಬ್ಬರು ಡಾಕ್ಟರು ಸಿಕ್ಕಿದ್ದಾರೆ, ಪ್ರಾಯ ಆದವರು. ಕ್ಲಿನಿಕ್ಕು ಹಳೆಯದು, ಎಸಿ ಒಮ್ಮೊಮ್ಮೆ ತೊಟ್ಟಿಕ್ಕುತ್ತದೆ. ಅವರನ್ನು ನಂಬಿದ್ದು ಯಾಕೆ ಅಂತ ಕೇಳಿದರೆ ದೊಡ್ಡ ಕಾರಣ ಏನಿಲ್ಲ. ಅವರು ಮೊದಲು ಎದುರಿಗೆ ಸಾದಾ ಕುರ್ಚಿಯಲ್ಲಿ ಕೂರಿಸಿ ಮಾತಾಡುತ್ತಾರೆ, ಆಮೇಲೆ ಮಲಗಿಸುತ್ತಾರೆ. ಎಕ್ಸ್‌ರೇ ತೆಗೆದರೆ ಪರದೆಯನ್ನು ನಮ್ಮ ಕಡೆ ತಿರುಗಿಸಿ, ಪೆನ್ನಿನ ತುದಿಯಲ್ಲಿ ಕಪ್ಪು ಜಾಗ ತೋರಿಸುತ್ತಾರೆ. ಚೀಟಿಯಲ್ಲಿ ಬರೆದುಕೊಡುತ್ತಾರೆ: ರೂಟ್ ಕೆನಾಲಿಗೆ ಇಷ್ಟು, ಕ್ಯಾಪಿಗೆ ಇಷ್ಟು, ಎಕ್ಸ್‌ರೇ ಸೇರಿ ಇಷ್ಟು, ತೆಗೆಸುವುದಾದರೆ ಇಷ್ಟು, ಏನೂ ಮಾಡದಿದ್ದರೆ ಹೀಗಾಗಬಹುದು. ‘ಬೇರೆ ಕಡೆ ತೋರಿಸಿ ಬರಲಾ ಡಾಕ್ಟ್ರೇ?’ ಅಂತ ಕೇಳಿದಾಗ ಎಕ್ಸ್‌ರೇಯನ್ನು ಅವರೇ ನನ್ನ ಫೋನಿಗೆ ಕಳಿಸಿದರು. ಹಾಗೆ ಕಳಿಸಿದ ಮೇಲೆ ಬೇರೆ ಕಡೆ ಹೋಗುವ ಮನಸ್ಸೇ ಆಗಲಿಲ್ಲ. ಇದು ಅವರ ಉಪಾಯವೇ ಇದ್ದರೂ ಇರಬಹುದು.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಅಂತ ನಮ್ಮ ಓಣಿಯಲ್ಲಿ ಇನ್ನೂ ಗಟ್ಟಿ ನಂಬಿಕೆ. ಅವರ ಹತ್ತಿರ ಕೇಳಿದೆ. ‘ಮೊದಲೇ ಅಲ್ಲಾಡುತ್ತಿದ್ದದ್ದನ್ನು ಪಾಚಿ ಹಿಡಿದು ನಿಲ್ಲಿಸಿತ್ತು ಅಮ್ಮ, ಪಾಚಿ ತೆಗೆದದ್ದಕ್ಕೆ ನನಗೆ ಬೈಯುತ್ತಾರೆ’ ಅಂದರು.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ನನಗೆ ಕಡಲೆಯೂ ಉಂಟು, ಹಲ್ಲೂ ಉಂಟು, ಕಚ್ಚಿದರೆ 7,000 ಹೋದೀತು ಅಂತ ಹೆದರಿಕೆ. ಚೌತಿಗೆ ಪಕ್ಕದ ಮನೆಯಿಂದ ಚಕ್ಕುಲಿ ಬಂದಾಗ ಎಡಗಡೆಯಲ್ಲೇ ಜಗಿದೆ. ಹೋದ ವಾರ ಚೆಕಪ್ಪಿಗೆ ಹೋದಾಗ ಡಾಕ್ಟರು ಎಡಗಡೆಯ ಮೇಲಿನ ಹಲ್ಲನ್ನು ಎರಡು ಸಲ ನೋಡಿದರು. ‘ಸಣ್ಣದು ಒಂದು ಶುರುವಾಗಿದೆ. ಈಗಲೇ ಫಿಲ್ ಮಾಡಿದರೆ 800. ಮುಂದಿನ ವರ್ಷ ಬಂದರೆ ಎಷ್ಟು ಅಂತ ನಿಮಗೇ ಗೊತ್ತುಂಟಲ್ಲ?’ ಅಂದರು. ಬಾಯಲ್ಲಿ ಕನ್ನಡಿ ಇರಲಿಲ್ಲ. ಮಾಡಿ ಅಂತ ಸ್ಪಷ್ಟವಾಗಿ ಹೇಳಿದೆ.